ಈ ವಾರ ಗುರುಪೂರ್ಣಿಮೆ: ಕೋಲಾರದ ಸುತ್ತಮುತ್ತ ನೋಡಲು, ಕೇಳಲು ಏನೇನಿದೆ?

ಕೋಟೆಯ ಓದುಗಿ, ಕೋಲಾರ · ಶನಿವಾರ ಬೆಳಿಗ್ಗೆ

ಕಳೆದ ವಾರ ನಮ್ಮ ಮನೆಗೆ ಬಂದಿದ್ದ ನೆಂಟರೊಬ್ಬರು, ‘ನಾಟಕ, ಸಂಗೀತ ಎಂದರೆ ನೀವು ಬೆಂಗಳೂರಿಗೇ ಹೋಗಬೇಕಲ್ಲವೇ, ಇಲ್ಲೇನಿದೆ?’ ಎಂದು ಕೇಳಿದರು. ಆ ಕ್ಷಣಕ್ಕೆ ಉತ್ತರ ತೋಚದೆ ಸುಮ್ಮನಾದೆ. ಅವರು ಹೊರಟ ಮೇಲೆ ಗೋಡೆಯ ಪಂಚಾಂಗ ನೋಡಿದಾಗ ಹಾಗೆ ಸುಮ್ಮನಾದದ್ದು ತಪ್ಪೆನಿಸಿತು. ನಾಳೆ ಭಾನುವಾರ ಪ್ರಥಮೈಕಾದಶಿ. ಗುರುವಾರ ಆಷಾಢದ ಹುಣ್ಣಿಮೆ, ಅಂದರೆ ಗುರುಪೂರ್ಣಿಮೆ. ಈ ಐದು ದಿನಗಳೊಳಗೆ, ನಮ್ಮ ಊರಿನಿಂದ ಹೋಗಿ ಬರಬಹುದಾದ ದೂರದಲ್ಲಿಯೇ, ಕೈವಾರದ ಸಂಗೀತೋತ್ಸವವಿದೆ, ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರದ ‘ಹುಣ್ಣಿಮೆ ಹಾಡು’ ಇದೆ, ಹಲವು ಊರುಗಳ ಭಜನೆ ಮನೆಗಳಲ್ಲಿ ಏಕಾದಶಿಯ ಹಾಡುಗಾರಿಕೆಯಿದೆ. ಇವು ಟಿಕೆಟ್ ಮಾರುವ ಆ್ಯಪ್‌ಗಳಲ್ಲಿ ಸಿಗುವಂಥವಲ್ಲ. ನಮ್ಮ ಸೀಮೆಯ ಕಲೆ ಇಂದಿಗೂ ತಿಥಿ ನೋಡಿಕೊಂಡು ನಡೆಯುತ್ತದೆ. ಪಂಚಾಂಗ ಬಲ್ಲ ಹಿರಿಯರಿಗೆ ಅದು ತಾನಾಗಿಯೇ ಗೊತ್ತಿರುತ್ತದೆ, ದುಡಿಮೆಗೆಂದು ದಿನವೂ ರೈಲು ಹಿಡಿಯುವ ಕಿರಿಯರಿಗೆ ಮರುದಿನದ ಪತ್ರಿಕೆಯ ಚಿತ್ರ ಕಂಡಾಗಲೇ ಗೊತ್ತಾಗುತ್ತದೆ.

ಆದ್ದರಿಂದ ಈ ಒಂದು ವಾರದ ಮಟ್ಟಿಗಾದರೂ, ನಿಮ್ಮ ಕಡೆ ಏನು ನಡೆಯುತ್ತದೆ, ಎಷ್ಟು ಹೊತ್ತಿಗೆ ಹೋದರೆ ಒಳ್ಳೆಯದು, ವಯಸ್ಸಾದವರಿಗೆ ಕುಳಿತುಕೊಳ್ಳಲು ಅನುಕೂಲವಿದೆಯೇ, ರಾತ್ರಿ ಮರಳಲು ದಾರಿಯೇನು ಎಂಬುದನ್ನು, ಸ್ವತಃ ಹೋಗಿ ಬಂದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ನಿವೃತ್ತ ಅಧ್ಯಾಪಕಿ, ಚಿಂತಾಮಣಿ · ಶನಿವಾರ ಮಧ್ಯಾಹ್ನ

ಕೈವಾರ ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ ನಿಜ, ಆದರೆ 2007ರವರೆಗೆ ನಾವೆಲ್ಲರೂ ಒಂದೇ ಕೋಲಾರ ಜಿಲ್ಲೆಯವರಾಗಿದ್ದೆವು. ಹಾಗಾಗಿ ಕೋಲಾರದವರು ಇದನ್ನು ಬೇರೆಯವರ ಮನೆಯ ಸಮಾರಂಭವೆಂದು ಎಣಿಸುವ ಅಗತ್ಯವಿಲ್ಲ. ಗುರುಪೂರ್ಣಿಮೆಯ ದಿನಕ್ಕೆ ಪೂರ್ಣಗೊಳ್ಳುವಂತೆ ಮೂರು ಹಗಲು ಮೂರು ರಾತ್ರಿ, ಒಟ್ಟು 72 ಗಂಟೆಗಳ ಕಾಲ, ನಡುವೆ ಎಲ್ಲಿಯೂ ನಿಲ್ಲದಂತೆ ಗುರುಪೂಜಾ ಸಂಗೀತೋತ್ಸವ ನಡೆಯುತ್ತದೆ. ಒಂದು ತಂಡ ಎದ್ದ ಕೂಡಲೇ ಮತ್ತೊಂದು ತಂಡ ಕುಳಿತುಕೊಳ್ಳುತ್ತದೆ.

ಈ ಗುರುಪೂಜೆ ಸಲ್ಲುವ ಕೈವಾರದ ಯೋಗಿ ನಾರೇಯಣರನ್ನು ಈ ಸೀಮೆಯವರು ತಾತಯ್ಯನವರೆಂದೇ ಕರೆಯುವುದು ರೂಢಿ. 1726ರಲ್ಲಿ ಹುಟ್ಟಿ 110 ವರ್ಷ ಬಾಳಿದರೆಂದು ಪರಂಪರೆ ಹೇಳುತ್ತದೆ. ಬಳೆಯ ಮಲಾರ ಹೊತ್ತು ಊರೂರು ತಿರುಗುತ್ತಿದ್ದ ಗೃಹಸ್ಥರು ವೈರಾಗ್ಯದ ದಾರಿ ಹಿಡಿದು, ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಕೀರ್ತನೆ, ತತ್ವಪದ, ಕಾಲಜ್ಞಾನವನ್ನು ಹೇಳಿದರು. ಕೈವಾರದ ದೇವರಾದ ಅಮರನಾರೇಯಣನೇ ಅವರ ಅಂಕಿತ. ಈ ಹಾಡುಗಳು ಪುಸ್ತಕಕ್ಕೆ ಬರುವುದಕ್ಕೆ ಬಹಳ ಮೊದಲೇ ಹೊಲದ ಬದುವಿನಲ್ಲಿ, ಕಣದಲ್ಲಿ, ಸಾವಿನ ಮನೆಯ ಜಾಗರಣೆಯಲ್ಲಿ ಬಾಯಿಂದ ಬಾಯಿಗೆ ಬಂದಿವೆ ಎಂಬುದನ್ನು ನೆನಪಿಟ್ಟುಕೊಂಡು ಹೋದರೆ, ಅಲ್ಲಿ ಕೇಳಿಸುವುದಕ್ಕೆ ಬೇರೆಯೇ ಅರ್ಥ ಬರುತ್ತದೆ.

ಹೆಚ್ಚಿನವರು ಸಂಜೆ ಹೊತ್ತು, ಹೆಸರಾಂತ ವಿದ್ವಾಂಸರ ಕಛೇರಿಗೆಂದು ಬಂದು ಹತ್ತು ಗಂಟೆಗೆ ಹೊರಟುಬಿಡುತ್ತಾರೆ. ನನ್ನ ವಿನಂತಿಯೆಂದರೆ ಒಂದು ರಾತ್ರಿಯಾದರೂ ಉಳಿಯಿರಿ. ನಡುರಾತ್ರಿ ಕಳೆದ ಮೇಲೆ ಹಳ್ಳಿಗಳ ಭಜನಾ ತಂಡಗಳನ್ನು ಕೇಳಬೇಕು. ಹಿಂದೊಮ್ಮೆ ಬೆಳಗಿನ ಜಾವ ಮೂರು ಗಂಟೆಯ ಹೊತ್ತಿಗೆ, ಅಕ್ಷರ ಕಲಿಯದ ವೃದ್ಧೆಯೊಬ್ಬರು ಒಂದರ ಹಿಂದೊಂದರಂತೆ ಏಳು ತತ್ವಪದಗಳನ್ನು ಒಂದು ಚರಣವನ್ನೂ ಬಿಡದೆ ಹಾಡಿದರು. ಹಾರ್ಮೋನಿಯಂ ನುಡಿಸುತ್ತಿದ್ದ ಅವರ ಮೊಮ್ಮಗ ಅಜ್ಜಿಯ ಶ್ರುತಿಗೆ ತನ್ನ ವಾದ್ಯದ ಸ್ವರದ ಮನೆಯನ್ನು ಬದಲಿಸಿಕೊಳ್ಳುತ್ತಿದ್ದನೇ ಹೊರತು, ಅಜ್ಜಿ ಒಮ್ಮೆಯೂ ಪೆಟ್ಟಿಗೆಯ ಕಡೆ ತಿರುಗಲಿಲ್ಲ. ನಾನು ನಲವತ್ತು ವರ್ಷ ಕನ್ನಡ ಪಾಠ ಹೇಳಿದವಳು. ಕಂಠಪಾಠವೆಂದರೆ ಏನೆಂದು ನನಗೆ ತಿಳಿದದ್ದು ಅಂದು.

ವಯಸ್ಸಾದವರಿಗೆ ಕುಳಿತುಕೊಳ್ಳಲು ತೊಂದರೆಯಿಲ್ಲ, ದಾಸೋಹವೂ ಇರುತ್ತದೆ. ಒಂದು ಜಮಖಾನೆ, ಒಂದು ಶಾಲು ತನ್ನಿ.

ಬಂಗಾರಪೇಟೆಯ ರೈಲು ಪ್ರಯಾಣಿಕ · ಶನಿವಾರ ರಾತ್ರಿ

ಮೇಡಂ, ನೀವು ಬರೆದದ್ದನ್ನು ರೈಲಿನಲ್ಲಿಯೇ ಎರಡು ಬಾರಿ ಓದಿದೆ. ನನ್ನಲ್ಲಿ ಎರಡು ಸಂದೇಹಗಳಿವೆ. ನನಗೆ ತೆಲುಗು ಅಷ್ಟಾಗಿ ಬರುವುದಿಲ್ಲ. ಅರ್ಥವಾಗದ ಹಾಡನ್ನು ರಾತ್ರಿಯಿಡೀ ಕೇಳುವುದು ಸಾಧ್ಯವೇ? ಎರಡನೆಯದಾಗಿ, ನನಗೆ ಪೂಜೆ, ಹರಕೆಗಳಲ್ಲಿ ಅಷ್ಟು ಮನಸ್ಸಿಲ್ಲ. ಸಂಗೀತ ಕೇಳುವುದಕ್ಕಾಗಿಯೇ ಒಬ್ಬನು ಅಲ್ಲಿ ಬಂದು ಕುಳಿತರೆ, ಭಕ್ತಿಯಿಂದ ಬಂದವರಿಗೆ ಅದು ಅಗೌರವವಾಗಿ ಕಾಣುವುದಿಲ್ಲವೇ?

ಶ್ರೀನಿವಾಸಪುರದ ತೋಟಗಾರ · ಭಾನುವಾರ ಬೆಳಿಗ್ಗೆ

ತಮ್ಮಾ, ನಮ್ಮ ಮನೆಯ ಮಾತು ತೆಲುಗು, ಓದು ಬರಹ ಕನ್ನಡ. ಈ ಗಡಿ ಸೀಮೆಯಲ್ಲಿ ಹೀಗೆ ಬದುಕುವವರು ಸಾವಿರಾರು ಮಂದಿ ಇದ್ದೇವೆ. ತಾತಯ್ಯನವರ ಪದಗಳಲ್ಲಿ ಬರುವ ಗುರು, ಆತ್ಮ, ಮಾಯೆ, ದೇಹ, ಸಂಸಾರ ಎಂಬ ಮಾತುಗಳೆಲ್ಲ ಎರಡು ಭಾಷೆಗೂ ಸೇರಿದವು. ಪಲ್ಲವಿಯನ್ನು ತಂಡದವರು ಮತ್ತೆ ಮತ್ತೆ ತಿರುಗಿಸಿ ಹಾಡುತ್ತಾರೆ. ನಾಲ್ಕನೆಯ ಸಲಕ್ಕೆ ನಿಮ್ಮ ಬಾಯಿಯೂ ತಾನಾಗಿ ಜೊತೆ ಸೇರುತ್ತದೆ. ಪಕ್ಕದಲ್ಲಿ ಕುಳಿತವರನ್ನು ಅರ್ಥ ಕೇಳಿ, ಸಂತೋಷದಿಂದ ಹೇಳುತ್ತಾರೆ. ಭಕ್ತಿಯ ವಿಚಾರವಾಗಿ ಅಲ್ಲಿ ಯಾರೂ ನಿಮ್ಮನ್ನು ಪ್ರಶ್ನಿಸುವುದಿಲ್ಲ. ಕಾಲು ಚಾಚದೆ, ಫೋನು ಹಿಡಿಯದೆ, ಹಾಡು ಮುಗಿಯುವವರೆಗೆ ಕುಳಿತರೆ ಅದೇ ಗೌರವ.

ಇಂದು ಏಕಾದಶಿಯಾದ್ದರಿಂದ ನಮ್ಮ ಊರಿನ ದೇವಸ್ಥಾನದ ಮುಂದೆ ಪಂಡರಿ ಭಜನೆಯಿದೆ. ನಡುವೆ ದೀಪವಿಟ್ಟು, ಕೈಯಲ್ಲಿ ತಾಳ, ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಹದಿನೈದು ಇಪ್ಪತ್ತು ಮಂದಿ ಸುತ್ತು ಬರುತ್ತ ಹಾಡುವ ಕುಣಿತವಿದು. ಮೊದಲು ನಿಧಾನ, ಬರಬರುತ್ತ ಹೆಜ್ಜೆ ಚುರುಕಾಗುತ್ತದೆ. ಗುರುಗಳು ಒಂದು ಕೂಗು ಹಾಕಿದರೆ ಸಾಕು, ಎಲ್ಲರೂ ಒಟ್ಟಿಗೆ ತಿರುಗಬೇಕು. ಈ ವರ್ಷ ಮಾವಿನ ಕೆಲಸ ಇನ್ನೂ ಮುಗಿದಿಲ್ಲ, ಆದರೂ ಹುಡುಗರು ಹತ್ತು ದಿನಗಳಿಂದ ರಾತ್ರಿ ಅಭ್ಯಾಸಕ್ಕೆ ತಪ್ಪದೆ ಬಂದಿದ್ದಾರೆ. ನಮ್ಮದು ಹೆಸರಾದ ತಂಡವಲ್ಲ. ನಿಮ್ಮ ನಿಮ್ಮ ಊರಿನಲ್ಲಿಯೂ ಇಂಥದ್ದೊಂದು ತಂಡ ಇದ್ದೇ ಇರುತ್ತದೆ, ಸಂಜೆ ಹೊರಗೆ ಬಂದು ಕಿವಿಗೊಟ್ಟರೆ ಸದ್ದು ಎಲ್ಲಿಂದ ಬರುತ್ತಿದೆಯೆಂದು ತಿಳಿಯುತ್ತದೆ.

ಹುಣ್ಣಿಮೆಯ ಕೇಳುಗ, ಕೋಲಾರ · ಭಾನುವಾರ ಮಧ್ಯಾಹ್ನ

ಆದಿಮದ ಬಗ್ಗೆ ನಾನು ಬರೆಯುತ್ತೇನೆ. ಅಂತರಗಂಗೆಗೆ ಎಲ್ಲರೂ ಹೋಗಿರುತ್ತಾರೆ. ಮೆಟ್ಟಿಲು ಹತ್ತಿ, ಕಲ್ಲಿನ ಬಸವನ ಬಾಯಿಂದ ಬೀಳುವ ನೀರನ್ನು ನೋಡಿ, ಕಾಶಿ ವಿಶ್ವನಾಥನಿಗೆ ಕೈಮುಗಿದು ಇಳಿದುಬಿಡುತ್ತಾರೆ. ಅಂತರಗಂಗೆಯಿರುವ ಅದೇ ಶತಶೃಂಗ ಬೆಟ್ಟದ ಸಾಲಿನ ನೆತ್ತಿಯ ಮೇಲೆ ಹಳ್ಳಿಗಳಿವೆ, ಹೊಲಗಳಿವೆ. ಅಲ್ಲಿ, ತೇರಹಳ್ಳಿಯ ಬಳಿ, ಕವಿ ಹಾಗೂ ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯನವರು ಮತ್ತು ಅವರ ಸಂಗಾತಿಗಳು ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರವಿದೆ. ದಲಿತ ಚಳವಳಿಯ ಹಾಡು ಮತ್ತು ಬೀದಿ ನಾಟಕಗಳ ಅನುಭವ ಈ ಕಟ್ಟೋಣದ ಹಿಂದಿದೆ. ಹುಣ್ಣಿಮೆಯ ರಾತ್ರಿ ಅಲ್ಲಿ ‘ಹುಣ್ಣಿಮೆ ಹಾಡು’ ನಡೆದುಕೊಂಡು ಬಂದಿದೆ. ಒಂದು ತಿಂಗಳು ನಾಟಕ, ಮತ್ತೊಂದು ತಿಂಗಳು ಜನಪದ ಹಾಡುಗಾರಿಕೆ, ಕೆಲವೊಮ್ಮೆ ಎರಡೂ, ಜೊತೆಗೆ ಒಂದಿಷ್ಟು ಮಾತುಕತೆ.

ನಾನು ಮೊದಲ ಬಾರಿಗೆ ಹೋದದ್ದು ಗೆಳೆಯನೊಬ್ಬನ ಒತ್ತಾಯಕ್ಕೆ. ಕೆಳಗೆ ಕೋಲಾರದ ದೀಪಗಳು ಚೆಲ್ಲಿದಂತೆ ಕಾಣುತ್ತಿದ್ದವು, ಗಾಳಿ ಜೋರಾಗಿತ್ತು. ನಾಟಕದ ನಡುವೆ ವಿದ್ಯುತ್ ಹೋಯಿತು. ಒಂದು ಕ್ಷಣ ಗೊಂದಲವಾದರೂ ನಟರು ಮಾತು ನಿಲ್ಲಿಸಲಿಲ್ಲ. ಬೆಳದಿಂಗಳಿಗೆ ಕಣ್ಣು ಹೊಂದಿಕೊಂಡ ಮೇಲೆ ಅವರ ಮುಖಗಳು ಮೊದಲಿಗಿಂತ ಹೆಚ್ಚು ಸ್ಪಷ್ಟವಾಗಿ ಕಂಡಂತಾಯಿತು. ಬೆಟ್ಟದ ಹಳ್ಳಿಗಳ ಮಕ್ಕಳು ಮುಂದಿನ ಸಾಲಿನಲ್ಲಿ ಕುಳಿತು, ಯಾವ ಪಾತ್ರ ಯಾವಾಗ ಬರುತ್ತದೆಯೆಂದು ಪಿಸುದನಿಯಲ್ಲಿ ಮೊದಲೇ ಹೇಳುತ್ತಿದ್ದರು, ತಾಲೀಮು ನೋಡಿ ನೋಡಿ ಅವರಿಗೆ ಬಾಯಿಪಾಠವಾಗಿತ್ತು. ಅಂಥ ಪ್ರೇಕ್ಷಕರ ನಡುವೆ ನಾಟಕ ನೋಡುವ ಭಾಗ್ಯ ದೊಡ್ಡ ಊರಿನ ರಂಗಮಂದಿರಗಳಲ್ಲಿ ನನಗೆ ದೊರೆತಿಲ್ಲ.

ಹೋಗುವವರು ಗಮನಿಸಬೇಕಾದದ್ದು: ರಾತ್ರಿ ಇಳಿಯಲು ಬಸ್ಸನ್ನು ನಂಬಬೇಡಿ, ಸ್ವಂತ ಗಾಡಿ ಅಥವಾ ಜೊತೆಗಾರರ ಗಾಡಿ ಬೇಕು. ಆಷಾಢದ ಗಾಳಿಗೆ ಸ್ವೆಟರ್ ಇರಲಿ, ಟಾರ್ಚ್ ಇರಲಿ. ಮಳೆ ಬಂದರೆ ಕಾರ್ಯಕ್ರಮ ಬದಲಾಗಬಹುದು, ಹೊರಡುವ ಮುನ್ನ ವಿಚಾರಿಸಿಕೊಳ್ಳಿ.

ಕೋಟೆಯ ಓದುಗಿ, ಕೋಲಾರ · ಭಾನುವಾರ ಸಂಜೆ

ಗುರುವಾರದ ಒಂದೇ ರಾತ್ರಿಗೆ ಎರಡೂ ಬಂದವಲ್ಲ. ಕೈವಾರದ ಕೊನೆಯ ದಿನ, ಬೆಟ್ಟದ ಹುಣ್ಣಿಮೆ ಹಾಡು. ಯಾವುದನ್ನು ಬಿಡುವುದು?

ನಿವೃತ್ತ ಅಧ್ಯಾಪಕಿ, ಚಿಂತಾಮಣಿ · ಭಾನುವಾರ ರಾತ್ರಿ

ಯಾವುದನ್ನೂ ಬಿಡಬೇಕಾಗಿಲ್ಲ. ಕೈವಾರದ ಗುರುಪೂರ್ಣಿಮೆಯ ದಿನ ಜನಸಂದಣಿ ಹೆಚ್ಚು, ಮನಸ್ಸಿಟ್ಟು ಕೇಳುವವರಿಗೆ ಅದು ಅಷ್ಟು ಸೂಕ್ತವಲ್ಲ. ಮಂಗಳವಾರ ಅಥವಾ ಬುಧವಾರ ರಾತ್ರಿ ಅಲ್ಲಿ ಕಳೆಯಿರಿ, ಗುರುವಾರ ಬೆಟ್ಟ ಹತ್ತಿರಿ. ಒಂದು ಕಡೆ ಇನ್ನೂರು ವರ್ಷದ ಹಿಂದಿನ ತತ್ವಪದ, ಇನ್ನೊಂದು ಕಡೆ ನಮ್ಮ ಕಾಲದ ಹೋರಾಟದ ಹಾಡು. ಎರಡನ್ನೂ ಬೆನ್ನು ಬೆನ್ನಿಗೆ ಕೇಳಿದವರಿಗೆ ಇವೆರಡರ ನಡುವೆ ಇರುವ ನಂಟು ಹೊಳೆಯದೆ ಇರದು. ಜಾತಿಯ ಹೆಮ್ಮೆಯನ್ನು, ಡಂಭಾಚಾರವನ್ನು ಪ್ರಶ್ನಿಸುವ ದನಿ ಎರಡರಲ್ಲಿಯೂ ಇದೆ.

ಹಾರ್ಮೋನಿಯಂ ಕಲಿಯುವವನು, ವೇಮಗಲ್ · ಸೋಮವಾರ ಬೆಳಿಗ್ಗೆ

ಕೋಲಾರ ನಗರದ ಟಿ. ಚನ್ನಯ್ಯ ರಂಗಮಂದಿರವನ್ನೂ ಮರೆಯಬಾರದು. ಅಲ್ಲಿ ಯಾವ ದಿನ ಏನಿದೆಯೆಂಬುದನ್ನು ಬಾಗಿಲಲ್ಲಿ ಕಟ್ಟಿದ ಬ್ಯಾನರ್ ನೋಡಿಯೇ ತಿಳಿಯಬೇಕಾಗಿರುವುದು ಬೇಸರದ ಸಂಗತಿ. ನಮ್ಮ ಹಳ್ಳಿಗಳ ಪೌರಾಣಿಕ ನಾಟಕದವರು ಊರ ಬಯಲಿನಲ್ಲಿ ಆಡುವುದಾದರೂ, ಒಮ್ಮೆ ಇಂಥ ವೇದಿಕೆಯ ಮೇಲೆ ಆಡಬೇಕೆಂಬ ಆಸೆ ಎಲ್ಲ ತಂಡಗಳಿಗೂ ಇರುತ್ತದೆ. ಕುರುಕ್ಷೇತ್ರ ನಾಟಕಕ್ಕೆ ದುರ್ಯೋಧನನ ಪಾತ್ರ ಹಿಡಿಯುವ ರೈತನು ಪಾತ್ರದ ಖರ್ಚನ್ನು ಕೈಯಿಂದಲೇ ಹಾಕಿ, ಹಾರ್ಮೋನಿಯಂ ಮೇಷ್ಟ್ರ ಬಳಿ ಮೂರು ತಿಂಗಳು ಕಂದ, ವೃತ್ತಗಳೆಂಬ ಪದ್ಯಗಳನ್ನು ಕಲಿಯುತ್ತಾನೆ. ಈಗ ತಾಲೀಮಿನ ಕಾಲ. ನಾಟಕ ನೋಡುವುದಕ್ಕಿಂತ ತಾಲೀಮು ನೋಡುವುದು ನನಗೆ ಹೆಚ್ಚು ಇಷ್ಟ. ಒಂದು ಸಾಲಿಗೆ ರಾಗ ಕೂಡಿಬರದೆ, ಹಗಲೆಲ್ಲ ಹೊಲದಲ್ಲಿ ದುಡಿದು ಬಂದವರು ಹನ್ನೊಂದು ಗಂಟೆಯವರೆಗೂ ಅದನ್ನೇ ಹಾಡುವುದನ್ನು ನೋಡಿದರೆ ಮನಸ್ಸು ತುಂಬುತ್ತದೆ.

ಒಂದು ನೋವನ್ನೂ ಹೇಳಿಕೊಳ್ಳಬೇಕು. ಕಳೆದ ವರ್ಷ ಒಂದು ಊರಿನ ಸಭಾಂಗಣದಲ್ಲಿ ನಮ್ಮ ತಂಡದ ನಾಟಕವಿತ್ತು. ಏಳು ಗಂಟೆಗೆ ಆರಂಭವೆಂದು ಅಚ್ಚು ಹಾಕಿಸಿದ್ದರು. ಸನ್ಮಾನ, ಭಾಷಣಗಳು ಮುಗಿಯುವಾಗ ಒಂಬತ್ತೂವರೆ. ಬಣ್ಣ ಹಚ್ಚಿಕೊಂಡು ಕುಳಿತಿದ್ದ ನಮ್ಮ ಹಿರಿಯ ಭೀಮನಿಗೆ ಸಕ್ಕರೆ ಕಾಯಿಲೆ. ಊಟವಿಲ್ಲದೆ ಕೈ ನಡುಗತೊಡಗಿತ್ತು. ಹತ್ತೂವರೆಗೆ ಸಭಾಂಗಣ ಬಿಟ್ಟುಕೊಡಬೇಕೆಂದು ಹೇಳಿದ್ದರಿಂದ ಗದಾಯುದ್ಧವನ್ನೇ ಕೈಬಿಡಬೇಕಾಯಿತು. ಮೂರು ತಿಂಗಳ ಕಲಿಕೆ ಅಲ್ಲಿಗೆ ಮುಗಿಯಿತು. ಕಾರ್ಯಕ್ರಮ ಏರ್ಪಡಿಸುವ ಯಾರಾದರೂ ಇದನ್ನು ಓದುತ್ತಿದ್ದರೆ, ಸನ್ಮಾನವನ್ನು ನಾಟಕದ ನಂತರಕ್ಕೆ ಇಟ್ಟುಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ.

ಮಾಲೂರಿನ ಕೆತ್ತನೆ ಮನೆಯ ಮಗಳು · ಸೋಮವಾರ ಮಧ್ಯಾಹ್ನ

ಸಂಗೀತ, ನಾಟಕಗಳ ನಡುವೆ ಉಳಿಯ ಸದ್ದಿಗೂ ಸ್ವಲ್ಪ ಜಾಗ ಕೊಡಿ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಯಾವ ತಿಥಿಯೂ ಬೇಡ, ಕೆಲಸದ ದಿನವಾದರೆ ಸಾಕು. ಬೀದಿಗೆ ಕಾಲಿಟ್ಟ ಕೂಡಲೇ ಎರಡೂ ಕಡೆ ಕಲ್ಲಿನ ಪುಡಿಯಲ್ಲಿ ಬೆಳ್ಳಗಾದ ಮನುಷ್ಯರು, ಅರ್ಧ ಮೂಡಿದ ನಂದಿ, ಕಣ್ಣು ತೆರೆಯದ ದೇವಿ ಎದುರಾಗುತ್ತಾರೆ. ಕಲ್ಲನ್ನು ಆರಿಸುವಾಗ ಹಿರಿಯರು ಮೊದಲು ತಟ್ಟಿ ಕೇಳುತ್ತಾರೆ. ಗಂಟೆಯಂತೆ ನಾದ ಬಂದರೆ ಅದು ಗಂಡು ಕಲ್ಲು, ಮೆತ್ತಗೆ ಕೇಳಿಸಿದರೆ ಹೆಣ್ಣು ಕಲ್ಲು. ನಾದವೇ ಇಲ್ಲದಿದ್ದರೆ ಒಳಗೆ ಎಲ್ಲೋ ಬಿರುಕಿದೆಯೆಂದು ಸಂಶಯಪಡುತ್ತಾರೆ. ಮೂರ್ತಿಯ ಎತ್ತರವನ್ನು ತಾಳವೆಂಬ ಅಳತೆಯಿಂದ ಭಾಗ ಮಾಡಿ, ಗೆರೆ ಎಳೆದು, ಆಮೇಲೆ ಒರಟು ಉಳಿ. ಈಗ ಒರಟು ಕೆಲಸಕ್ಕೆ ಯಂತ್ರ ಬಂದಿದೆ, ಅದರಿಂದ ದೂಳೂ ಹೆಚ್ಚಾಗಿದೆ, ಎದೆಯ ಕಾಯಿಲೆಯ ಭಯವೂ ಹೆಚ್ಚಾಗಿದೆ. ಮುಖಕ್ಕೆ ಬಂದಾಗ ಯಂತ್ರವನ್ನು ಬದಿಗಿಡುತ್ತಾರೆ.

ಲೋಹದ ಕೆಲಸ ನೋಡಬೇಕೆಂದರೆ ಎರಕದ ದಿನ ಕೇಳಿಕೊಂಡು ಹೋಗಬೇಕು. ಮೊದಲು ಮೇಣದಲ್ಲಿ ಮೂರ್ತಿ. ಅದರ ಮೇಲೆ ಮಣ್ಣಿನ ಲೇಪ. ಒಣಗಿದ ಮೇಲೆ ಕಾಯಿಸಿದರೆ ಮೇಣ ಕರಗಿ ಹರಿದುಹೋಗುತ್ತದೆ, ಆ ಟೊಳ್ಳಿಗೆ ಕಾದ ಲೋಹ ಹೊಯ್ಯುತ್ತಾರೆ. ಅಚ್ಚನ್ನು ಒಡೆದೇ ಮೂರ್ತಿಯನ್ನು ತೆಗೆಯಬೇಕಾದ್ದರಿಂದ ಒಂದರಂತೆ ಮತ್ತೊಂದು ಬರುವುದಿಲ್ಲ. ನಮ್ಮಪ್ಪ ಲೋಹ ಹೊಯ್ಯುವಾಗ ಮನೆಯಲ್ಲಿ ಯಾರೂ ಮಾತನಾಡುತ್ತಿರಲಿಲ್ಲ.

ಬರುವವರು ಫೋಟೊ ತೆಗೆಯುವ ಮುನ್ನ ಒಂದು ಮಾತು ಕೇಳಿ. ಮಕ್ಕಳನ್ನು ಕರೆತನ್ನಿ; ನಮ್ಮವರು ಉಳಿಯನ್ನು ಅವರ ಕೈಗೆ ಕೊಟ್ಟು ಒಂದು ಏಟು ಹೊಡೆಸುತ್ತಾರೆ.

ಶಿಡ್ಲಘಟ್ಟದ ರೇಷ್ಮೆ ಬೆಳೆಗಾರ · ಸೋಮವಾರ ರಾತ್ರಿ

ಇದುವರೆಗಿನ ಬರಹಗಳಲ್ಲಿ ತಮಟೆಯ ಹೆಸರು ಬರಲಿಲ್ಲವೆಂಬುದು ನನ್ನನ್ನು ಕಾಡಿತು, ಅದಕ್ಕಾಗಿ ಬರೆಯುತ್ತಿದ್ದೇನೆ. ನಮ್ಮ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಊರೆಲ್ಲ ಸಂಭ್ರಮಿಸಿತು. ಆದರೆ ಅದೇ ತಮಟೆಯನ್ನು ನಾವು ಇಂದಿಗೂ ಮೆರವಣಿಗೆಯ ಮುಂದೆ ನಡೆಯುವ ಸದ್ದೆಂದು ನೋಡುತ್ತೇವೆಯೇ ಹೊರತು, ನಿಂತು ಕೇಳಬೇಕಾದ ವಾದ್ಯವೆಂದು ನೋಡುವವರು ಕಡಿಮೆ. ಸಾವಿಗೂ ಜಾತ್ರೆಗೂ ಕರೆದು, ಊಟದ ಹೊತ್ತಿಗೆ ದೂರ ಕೂರಿಸಿದ ಚರಿತ್ರೆ ಈ ವಾದ್ಯದ ಬೆನ್ನಿಗಿದೆ; ಅದನ್ನು ಮರೆತು ಬರೀ ತಾಳವನ್ನು ಹೊಗಳುವುದು ಸರಿಯಲ್ಲ.

ಆದ್ದರಿಂದ ಈ ವಾರ ಎಲ್ಲಿಯಾದರೂ ತಮಟೆ ಕಂಡರೆ, ಆರಂಭಕ್ಕೆ ಮುಂಚೆಯೇ ಹೋಗಿ ನಿಲ್ಲಿ. ಹುಲ್ಲಿಗೆ ಬೆಂಕಿ ಹಾಕಿ ಚರ್ಮವನ್ನು ಕಾಯಿಸುವುದನ್ನು, ಬೆರಳಲ್ಲಿ ತಟ್ಟಿ ನಾದ ಏರಿತೇ ಎಂದು ಕಿವಿಗೊಡುವುದನ್ನು ನೋಡಿ. ಒಂದು ಕೈಯ ದಪ್ಪ ಕೋಲು ನಡೆಯನ್ನು ಹಿಡಿದರೆ ಇನ್ನೊಂದು ಕೈಯ ತೆಳುವಾದ ಕಡ್ಡಿ ಅದರ ನಡುವೆ ಸಣ್ಣ ಪೆಟ್ಟುಗಳನ್ನು ತುಂಬುತ್ತದೆ. ನಾಲ್ಕು ಜನ ಎದುರು ಬದುರು ನಿಂತು ಒಬ್ಬರ ಬಾರಿಸುವಿಕೆಗೆ ಇನ್ನೊಬ್ಬರು ಉತ್ತರ ಕೊಡತೊಡಗಿದರೆ, ಅದು ಯಾವ ಸಂಗೀತ ಕಛೇರಿಯಲ್ಲಿ ತಾಳವಾದ್ಯದವರು ನುಡಿಸುವ ತನಿ ಆವರ್ತನಕ್ಕೂ ಕಡಿಮೆಯಲ್ಲ. ಮುಗಿದ ಮೇಲೆ ಕಲಾವಿದರ ಹೆಸರು ಕೇಳಿ ತಿಳಿದುಕೊಳ್ಳಿ, ಸಂಭಾವನೆ ಸರಿಯಾಗಿ ಸಂದಿತೇ ಎಂದು ಏರ್ಪಾಟು ಮಾಡಿದವರನ್ನು ವಿಚಾರಿಸಿ.

ಕೋಟೆಯ ಓದುಗಿ, ಕೋಲಾರ · ಮಂಗಳವಾರ ಬೆಳಿಗ್ಗೆ

ಶಿಡ್ಲಘಟ್ಟದ ಅಣ್ಣನವರು ಹೇಳಿದ್ದು ಸರಿ. ಮೊದಲ ಬರಹದಲ್ಲಿಯೇ ನಾನು ತಮಟೆಯನ್ನು ಸೇರಿಸಬೇಕಾಗಿತ್ತು.

ಹೊರಗೆ ಹೋಗಲಾಗದವರಿಗೆ ಊರೊಳಗಿನ ಒಂದು ನಡಿಗೆಯನ್ನು ಸೂಚಿಸುತ್ತೇನೆ. ಬೆಳಿಗ್ಗೆ ಕೋಲಾರಮ್ಮನ ಗುಡಿಯಿಂದ ಹೊರಡಿ. ಗೋಡೆಗಳ ಮೇಲಿನ ಚೋಳರ ಕಾಲದ ತಮಿಳು ಶಾಸನಗಳ ಮುಂದೆ ಐದು ನಿಮಿಷ ನಿಲ್ಲಿ. ಅಲ್ಲಿಂದ ವಿಜಯನಗರ ಕಾಲದ ಸೋಮೇಶ್ವರ ದೇವಾಲಯ; ಅದರ ಕಲ್ಯಾಣ ಮಂಟಪದ ಕಂಬಗಳನ್ನು ಒಂದೊಂದಾಗಿ ಸುತ್ತಿ ನೋಡಲು ಗಂಟೆ ಬೇಕು. ಬಳಿಕ ಹೈದರ್ ಅಲಿಯ ತಂದೆ ಫತೇ ಮುಹಮ್ಮದರ ಸಮಾಧಿಯಿರುವ ಮಕಬರಾ. ಶಿವಾರಪಟ್ಟಣದಲ್ಲಿ ಉಳಿಯ ಕೆಲಸ ನೋಡಿ ಬಂದ ಮೇಲೆ ಈ ಕಂಬಗಳನ್ನು ನೋಡಿದರೆ ಇನ್ನೂ ಒಳ್ಳೆಯದು.

ಬಂಗಾರಪೇಟೆಯ ರೈಲು ಪ್ರಯಾಣಿಕ · ಶುಕ್ರವಾರ ಮಧ್ಯಾಹ್ನ

ಬುಧವಾರ ರಾತ್ರಿ ಶ್ರೀನಿವಾಸಪುರದ ಅಣ್ಣನವರ ಜೀಪಿನಲ್ಲಿ ಕೈವಾರಕ್ಕೆ ಹೋಗಿದ್ದೆ. ಹನ್ನೆರಡರವರೆಗೆ ನಿದ್ದೆಯನ್ನು ತಡೆಯುವುದೇ ಕಷ್ಟವಾಯಿತು. ಆಮೇಲೆ ಗಡಿಯಾಚೆಯ ಒಂದು ತಂಡ ಕುಳಿತಿತು. ಎಲ್ಲರದೂ ಒರಟು ದನಿ, ಆದರೆ ಪಲ್ಲವಿಗೆ ಬಂದಾಗ ಹತ್ತು ಗಂಟಲು ಒಂದಾಗುತ್ತಿತ್ತು. ಅಣ್ಣನವರು ಅರ್ಥ ಹೇಳಲು ಬಾಯಿ ತೆರೆ­ದಾಗ, ಹಾಡು ಮುಗಿಯಲಿ ಎಂದು ನಾನೇ ಕೈಸನ್ನೆ ಮಾಡಿದೆ. ಬೆಳಿಗ್ಗೆ ಅಲ್ಲಿಂದ ನೇರವಾಗಿ ಕೆಲಸಕ್ಕೆ ಹೋದೆ.

ನಿನ್ನೆ ಬೆಟ್ಟದ ಮೇಲೆ ಮೋಡ ಕವಿದು ಚಂದ್ರ ಕಂಡದ್ದು ಎರಡೇ ಬಾರಿ. ಹಾಡಿನ ನಡುವೆ ಸಣ್ಣ ಹನಿ ಬಿತ್ತು, ಯಾರೂ ಏಳಲಿಲ್ಲ. ತಮಟೆಯವರು ಬಂದಿದ್ದರು. ಮುಗಿದ ಮೇಲೆ ಹತ್ತಿರ ಹೋಗಿ ಹೆಸರು ಕೇಳಿದೆ. ಅವರಲ್ಲೊಬ್ಬರು ನಮ್ಮ ಬಂಗಾರಪೇಟೆಯವರೇ, ನಾನು ದಿನವೂ ಹತ್ತುವ ರೈಲಿನಲ್ಲಿಯೇ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋಗುವವರು. ಇಂದು ಬೆಳಿಗ್ಗೆ ಇಬ್ಬರೂ ಒಂದೇ ಬೋಗಿಯಲ್ಲಿ ನಿಂತು ಬಂದೆವು. ಭಾನುವಾರ ಅವರ ಮನೆಯ ಬಳಿ ಹುಡುಗರಿಗೆ ಕಲಿಸುತ್ತಾರಂತೆ, ಬರಬಹುದೇ ಎಂದು ಕೇಳಿದ್ದಕ್ಕೆ ಬಾ ಎಂದಿದ್ದಾರೆ.

ಮುಂದಿನದು ನೂಲಹುಣ್ಣಿಮೆ. ನನ್ನ ಬೈಕಿನ ಹಿಂದಿನ ಸೀಟು ಖಾಲಿಯಿದೆ. ಬಂಗಾರಪೇಟೆ ಕಡೆಯಿಂದ ಬೆಟ್ಟಕ್ಕೆ ಬರುವವರು ಇಲ್ಲಿಯೇ ತಿಳಿಸಿ.